ಸುಳಿ ಎಳೆಯಬಾರದು

ಮರಗಳನ್ನು ಹೀಗೆ ಬೋಳಿಸಿಟ್ಟ ಪುಣ್ಯಾತ್ಮರು ಯಾರು ಎಂದು ಪುರಂದರ ಸಿಟ್ಟಿನಲ್ಲೇ ಕೇಳಿದ. ಕೆಂಪು ಜಾಕೆಟ್ಟಿನ ಹೆಣ್ಣೊಬ್ಬಳು ಕತ್ತರಿ ಹಿಡಿದುಕೊಂಡೇ ತಿರುಗಿ, ನಾನೇ ಎಂದಳು.

ದುಬೈಯ ಆ ಮಾಲ್‌ನೊಳಗೆ ವರ್ಷವಿಡೀ ಮಂಜು. ಹೊರಗೆ ತಲೆ ಸಿಡಿಯುವ ಬಿಸಿಲು, ಒಳಗೆ ಮಕ್ಕಳು ಮಂಜಿನುಂಡೆ ಎಸೆದಾಡುವ ಚಳಿ. ಅಲ್ಲಿ ನಿಲ್ಲಿಸಲೆಂದೇ ಚಳಿ ತಡೆಯುವ ಜಾತಿಯ ಪಾಮ್ ಮರಗಳನ್ನು ತರಿಸಿದ್ದರು. ತಡೆಯುತ್ತದೆ ಎಂದಮೇಲೆ ಎಷ್ಟು ಬೇಕಾದರೂ ತಡೆಯುತ್ತದೆ ಎಂದುಕೊಳ್ಳುವುದು ಮ್ಯಾನೇಜರುಗಳ ಹಳೆಯ ರೋಗ. ಮಂಜು ಕರಗಿ ನೀರು ಸುಳಿಗಿಳಿದು, ಬೀಸಣಿಗೆಯಂಥ ಎಲೆಗಳು ಮುಕ್ಕಾಲು ಪಾಲು ಕಂದಿಹೋಗಿದ್ದವು. ಫೋಟೊದಲ್ಲಿ ಚಂದ ಕಾಣಲಿ ಎಂದು ಡಿಸ್‌ಪ್ಲೇ ನೋಡಿಕೊಳ್ಳುವ ವಾರಿಜಾಕ್ಷಿ ಕಂದಿದ್ದನ್ನೆಲ್ಲ ಕತ್ತರಿಸಿ ಹಾಕಿದ್ದಳು.

ಪುರಂದರ ಆ ಮರಗಳನ್ನು ಕೊಟ್ಟ ಅಲ್ ಕೂಜ್ ಬಡಾವಣೆಯ ನರ್ಸರಿಯವನು. ತೋಟಗಾರಿಕೆ ಓದಿ ಕಾರ್ಕಳದಿಂದ ಇಲ್ಲಿಗೆ ಬಂದು ನೆಲೆ ನಿಂತವನು. ಅರ್ಧ ಸುಟ್ಟ ಎಲೆಯೂ ಮರಕ್ಕೆ ಊಟ ಹಾಕುತ್ತದೆ, ಹಸಿ ಗಾಯದ ವಾಸನೆಗೆ ಕೆಂಪು ಮೂತಿ ಹುಳು ಓಡಿ ಬರುತ್ತದೆ ಎಂದು ಒಂದೇ ಉಸಿರಿಗೆ ಬೈದ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಬೈಗುಳ ಮುಗಿದ ಮೇಲೆ ಅವನ ಹೆಸರು ಕೇಳಿದಳು.

"ಪುರಂದರ್? ನಾನು ವಾರಿಜಾಕ್ಷಿ. ನಮ್ಮಿಬ್ಬರ ಹೆಸರು ಒಟ್ಟಿಗೆ ಬರೆದ್ರೆ ಯಾರದ್ದೋ ಅಜ್ಜ ಅಜ್ಜಿಯ ಷಷ್ಟಿಪೂರ್ತಿ ಕಾರ್ಡಿನ ಹಾಗೆ ಕಾಣ್ತದೆ, ಅಲ್ವಾ?"

ಸಿಟ್ಟು ಅಲ್ಲಿಗೇ ಇಳಿಯಿತು. ಇಳಿದದ್ದು ಎಲ್ಲಿಗೆ ಹೋಯಿತೆಂದು ಪುರಂದರನಿಗೆ ಆಗ ತಿಳಿಯಲಿಲ್ಲ.

ಮರಗಳನ್ನು ಲಾರಿಯಲ್ಲಿ ನರ್ಸರಿಗೆ ಸಾಗಿಸಿದರು. ಮುಂದಿನ ಶನಿವಾರ ಅವಳೂ ಬಂದಳು, ಅಲ್ ಕುಸೈಸ್‌ನ ಅಕ್ಕನ ಮನೆಯಿಂದ ಎರಡು ಮೆಟ್ರೊ ಬದಲಾಯಿಸಿ, ಬಸ್ಸು ಹಿಡಿದು. ತಪ್ಪು ಮಾಡಿದವಳು ನಾನು, ಕೆಲಸ ಹೇಳಿ ಎಂದಳು. ಅವನು ಹಳೆಯ ಟೂತ್‌ಬ್ರಶ್ ಮತ್ತು ಸೋಪಿನ ನೀರು ಕೊಟ್ಟ. ಉಳಿದ ಎಲೆಗಳ ಅಡಿಯಲ್ಲಿ ಹುರುಪೆಯಂತೆ ಅಂಟಿಕೊಂಡಿದ್ದ ಹುಳುಗಳನ್ನು ಇಬ್ಬರೂ ಉಜ್ಜಿ ತೆಗೆದರು. ಸುಳಿಗೆ ಔಷಧಿ ಸುರಿದು, ನೀರು ಬೀಳದಂತೆ ಮೇಲೆ ಡಬ್ಬಿ ಕವುಚಿದರು. ಒಂದೇ ಎಲೆಯ ಆ ಬದಿಗೆ ಅವಳು, ಈ ಬದಿಗೆ ಅವನು. ಸೀಳುಗಳ ನಡುವೆ ಅವಳ ಕಣ್ಣು ಕಂಡಾಗಲೆಲ್ಲ ಅವನ ಬ್ರಶ್ ನಿಲ್ಲುತ್ತಿತ್ತು. ಆ ಹುಳು ಸತ್ತು ಎಷ್ಟೋ ಹೊತ್ತಾಯಿತು ಎಂದು ಅವಳು ನಗುತ್ತಿದ್ದಳು.

ಎಲ್ಲಕ್ಕಿಂತ ದೊಡ್ಡ ಮರದ ಸುಳಿಯನ್ನು ಅವಳು ಹಿಡಿದು ಎಳೆಯಲು ಹೋದಾಗ ಅವನು ಕೈ ಅಡ್ಡ ಇಟ್ಟ.

"ಎಳೀಬಾರ್ದು. ಬದುಕಿದ್ರೂ ಕಿತ್ತು ಬರ್ತದೆ. ಅದರಷ್ಟಕ್ಕೆ ಬಿಡ್ಬೇಕು."

"ಮತ್ತೆ ಬದುಕಿದೆ ಅಂತ ಗೊತ್ತಾಗೋದು ಹೇಗೆ?"

ಅವನು ಮಾರ್ಕರ್ ಪೆನ್ನು ತೆಗೆದು, ಸುಳಿ ಮತ್ತು ಪಕ್ಕದ ದಂಟಿನ ಮೇಲೆ ಸೇರಿಸಿ ಒಂದು ಗೆರೆ ಎಳೆದ. ಸುಳಿ ಬೆಳೆದರೆ ಅದರ ಮೇಲಿನ ಗೆರೆ ಮೇಲಕ್ಕೆ ಸರಿಯುತ್ತದೆ, ನಾವು ಕಾಯಬೇಕು ಅಷ್ಟೆ ಎಂದ. ಅವಳು ಗೆರೆಯನ್ನು ಬಿಟ್ಟು ಅವನ ಮುಖವನ್ನೇ ನೋಡುತ್ತಿದ್ದಳು.

ಜನವರಿಯಲ್ಲಿ ಸಣ್ಣ ಮರವೊಂದು ಸತ್ತಿತು. ಬುಡ ಸೀಳಿದರೆ ಒಳಗೆಲ್ಲ ಹುಳುವಿನ ಮರಿಗಳು. ವಾರಿಜಾಕ್ಷಿ ಅಲ್ಲೇ ಕುಳಿತು ಅತ್ತುಬಿಟ್ಟಳು. ಅಳು ಮರದ ಹೆಸರಿನಲ್ಲಿ ಶುರುವಾಗಿ ಬೇರೆ ಕಡೆಗೆ ಹೊರಳಿತು. ಹಿಂದಿನ ವರ್ಷ ಅವಳ ನಿಶ್ಚಿತಾರ್ಥವಾಗಿತ್ತಂತೆ. ಹಾಲ್ ಬುಕ್ ಮಾಡಿ, ಊರಿಗೆಲ್ಲ ಸೀರೆ ಹಂಚಿದ ಮೇಲೆ ಹುಡುಗ ಒಂದು ಮೆಸೇಜ್ ಕಳಿಸಿ ಬೇಡ ಎಂದಿದ್ದ. ಅಕ್ಕನ ಫ್ಲ್ಯಾಟಿನ ಲಿಫ್ಟಿನಲ್ಲಿ ಯಾರು ಸಿಕ್ಕರೂ ಇವಳ ಮುಖ ನೋಡಿ ಮಾತು ನಿಲ್ಲಿಸುತ್ತಾರೆ. ಇದನ್ನೆಲ್ಲ ಹೇಳಿ ಅವಳು ಮೂಗು ಒರೆಸಿಕೊಂಡಳು.

ಪುರಂದರನ ಎದೆ ಅವಳ ಕಡೆಗೆ ಪೂರ್ತಿ ವಾಲಿದ್ದು ಆ ಗಳಿಗೆಯಲ್ಲಿ. ಬಾಯಿ ಮುಚ್ಚಿಕೊಂಡದ್ದೂ ಆಗಲೇ. ಪೆಟ್ಟು ತಿಂದ ಜೀವ, ಈಗ ಮುಟ್ಟಬಾರದು, ಅವಳಷ್ಟಕ್ಕೆ ಬಿಡಬೇಕು ಎಂದು ನಿಶ್ಚಯಿಸಿಬಿಟ್ಟ. ತನ್ನ ಕಸುಬು ಕಲಿಸಿದ ಪಾಠ ತಪ್ಪುವುದೇ ಇಲ್ಲವೆಂದು ಅವನ ನಂಬಿಕೆ. ತಾಳಿದವನು ಬಾಳಿಯಾನು ಎಂದು ಗಾದೆ ಕಟ್ಟಿದವರು, ಎಷ್ಟು ತಾಳಬೇಕೆಂದು ಹೇಳದೆ ಹೋದರು. ಇಂಥ ಎಷ್ಟು ಗಂಡಸರ ಬಾಳು ಹಾಳಾಯಿತೋ.

ಅವಳು ಅವಕಾಶ ಕೊಡಲಿಲ್ಲವೆಂದಲ್ಲ. ಟಿಫಿನ್ ಬಾಕ್ಸಿನಲ್ಲಿ ನೀರ್‌ದೋಸೆ ತಂದಳು. ಬಿಸಿಲಿಗೆ ಅವನ ಕ್ಯಾಪ್ ಕಸಿದು ತಾನು ಹಾಕಿಕೊಂಡಳು. ಮುಂದಿನ ಶನಿವಾರ ಬರಬೇಕಾ ಎಂದು ಪ್ರತಿ ಸಲ ಕೇಳಿದಳು. ನಿಮಗೆ ಪುರುಸೊತ್ತಿದ್ದರೆ ಎಂದು ಅವನು ಪ್ರತಿ ಸಲ ಹೇಳಿದ. ಒಳಗೊಳಗೇ ಶುಕ್ರವಾರದಿಂದಲೇ ದಾರಿ ಕಾಯುತ್ತಿದ್ದವನು, ಹೊರಗೆ ಆಡಿದ್ದು ಅಷ್ಟೇ.

ಫೆಬ್ರವರಿಯ ಕೊನೆಗೆ ಅವಳು ಬಂದಾಗ ಟಿಫಿನ್ ಇರಲಿಲ್ಲ. ಬ್ರಶ್ ಕೈಗೆತ್ತಿಕೊಳ್ಳಲೂ ಇಲ್ಲ.

"ರುವೈಸ್‌ನಿಂದ ಒಂದು ಸಂಬಂಧ ಬಂದಿದೆ. ಅಲ್ಲಿನ ರಿಫೈನರಿಯಲ್ಲಿ ಇಂಜಿನಿಯರ್. ಹೆಂಡತಿ ತೀರಿಕೊಂಡಿದ್ದಾರೆ, ಒಬ್ಬಳು ಮಗಳಿದ್ದಾಳೆ. ಒಳ್ಳೆಯವರು ಅಂತಾಳೆ ಅಕ್ಕ. ನಾನೇನು ಹೇಳ್ಲಿ, ಪುರಂದರ್?"

ಬೇಡ ಅನ್ನಿ ಎಂಬ ಮಾತು ಅವನ ಗಂಟಲವರೆಗೆ ಬಂತು. ಎರಡೇ ಪದ. ಅಷ್ಟರಲ್ಲಿ ಅವನ ಸುಡುಗಾಡು ವಿವೇಕ ಮುಂದೆ ಬಂದು ನಿಂತಿತು.

"ಅರ್ಜೆಂಟ್ ಮಾಡ್ಬೇಡಿ. ನಿಮ್ಮ ಮನಸ್ಸು ಸರಿ ಆಗ್ಲಿಕ್ಕೆ ಟೈಮ್ ಬೇಕು. ನಿಧಾನ ಯೋಚಿಸಿ."

ಅವಳು ತಲೆಯಾಡಿಸಿದಳು. ಅವನ ಕ್ಯಾಪನ್ನು ತೆಗೆದು ಕುಂಡದ ಅಂಚಿಗೆ ಇಟ್ಟು ಹೊರಟಳು. ಮುಂದಿನ ಶನಿವಾರ ಬರಬೇಕಾ ಎಂದು ಕೇಳಲಿಲ್ಲ. ಬರಲೂ ಇಲ್ಲ. ಮೆಸೇಜ್ ಹಾಕಿದರೆ ಆಫೀಸಿನಲ್ಲಿ ಕೆಲಸ ಜಾಸ್ತಿ ಎಂಬ ಉತ್ತರ. ಜಾಸ್ತಿಯೇ ಇರಬೇಕು ಎಂದು ನಂಬಿದ, ಪಾಪ.

ಮಾರ್ಚ್ ನಡುವಿನಲ್ಲಿ ಒಂದು ಬೆಳಿಗ್ಗೆ ದೊಡ್ಡ ಮರದ ಗೆರೆ ಸರಿದಿತ್ತು. ಬೆರಳಿಟ್ಟು ನೋಡಿದ, ಕನ್ನಡಕ ಒರೆಸಿ ಮತ್ತೆ ನೋಡಿದ. ಸಂಶಯವೇ ಇಲ್ಲ. ಅಲ್ಲೇ ನಿಂತು ಅವಳಿಗೆ ಫೋನ್ ಮಾಡಿದ. ಇವತ್ತು ಎಲ್ಲವನ್ನೂ ಹೇಳಿಬಿಡುತ್ತೇನೆ ಎಂದು ಶೇವ್ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಗೇಟಿನಲ್ಲಿ ನಿಂತ.

ಅವಳು ಬಂದು ಸುಳಿ ನೋಡಿದಳು. ತುಂಬ ಸಂತೋಷ ಎಂದಳು, ನಿಜವಾದ ಸಂತೋಷದಿಂದಲೇ. ಆಮೇಲೆ ಅಂಗೈ ನೋಡಿಕೊಳ್ಳುತ್ತ, ರುವೈಸ್‌ನವರಿಗೆ ಕಳೆದ ವಾರ ಹೂಂ ಎಂದಿರುವುದಾಗಿ ಹೇಳಿದಳು.

ಪುರಂದರ ಕುಂಡದ ಅಂಚಿಗೆ ಕುಳಿತ.

"ನಾನು ಕಾಯ್ತಾ ಇದ್ದೆ" ಎಂದ.

"ಯಾತಕ್ಕೆ?"

"ನೀವು ಗುಣ ಆಗ್ಲಿ ಅಂತ. ಅಷ್ಟರ ಒಳಗೆ ನಾನು ಬಾಯಿ ಹಾಕಿದ್ರೆ ನಿಮಗೆ ಇನ್ನೂ ನೋವಾಗ್ತದೆ ಅಂತ."

ಅವಳ ಕಣ್ಣು ತುಂಬಿತು, ಸಿಟ್ಟಿನಿಂದಲೋ ಬೇರೆ ಯಾತರಿಂದಲೋ.

"ಎರಡು ಮೆಟ್ರೊ ಬದಲಾಯಿಸಿ, ಬಸ್ಸು ಹತ್ತಿ, ಇಲ್ಲಿ ಬಂದು ಹುಳು ಉಜ್ಜುತ್ತಿದ್ದೆನಲ್ಲ. ಗುಣ ಆಗದವಳು ಹಾಗೆ ಬರ್ತಾಳಾ, ಪುರಂದರ್? ನಾನು ಯಾವತ್ತೋ ಗುಣ ಆಗಿದ್ದೆ. ನಿಮಗೇ ನಾನು ಬೇಡ ಅಂದುಕೊಂಡೆ."

ಇನ್ನೂ ಹೊತ್ತು ಮೀರಿಲ್ಲವಲ್ಲ ಎಂದು ಅವನು ಕೇಳಿದ, ಕೊನೆಗೂ. ಮದುವೆಯಾಗಿಲ್ಲ, ಉಂಗುರ ಬದಲಾಗಿಲ್ಲ, ಒಂದು ಫೋನ್ ಮಾಡಿದರೆ ಮುಗಿಯಿತು ಎಂದ.

"ಒಂದು ಮೆಸೇಜ್‌ನಲ್ಲಿ ನನಗೆ ಮುಗಿಸಿದ್ರು. ಆಮೇಲೆ ನಾನು ಹೇಗಿದ್ದೆ ಅಂತ ನಿಮಗೊಬ್ಬರಿಗೇ ಹೇಳಿದ್ದು. ಅದನ್ನ ಇನ್ನೊಬ್ಬರಿಗೆ ನಾನು ಮಾಡಲ್ಲ. ಅವರು ಮಗಳಿಗೂ ನನ್ನ ಫೋಟೊ ತೋರಿಸಿ ಆಗಿದೆ."

ಅವಳು ಹೀಗಿರುವುದರಿಂದಲೇ ಅವನು ಅವಳನ್ನು ಪ್ರೀತಿಸಿದ್ದು.

ಬಸ್ ಸ್ಟಾಪಿಗೆ ಬರಬೇಡಿ ಎಂದಳು. ಅವನು ಹೋದ. ಗಾಜಿನ ಶೆಲ್ಟರಿನಲ್ಲಿ ಎ.ಸಿ. ಗುಂಯ್‌ಗುಡುತ್ತಿತ್ತು, ಬೇರೆ ಯಾರೂ ಇರಲಿಲ್ಲ. ಪಕ್ಕದಲ್ಲಿ ಕುಳಿತು, ಎದುರಿನ ಗೋದಾಮಿನ ಗೋಡೆ ನೋಡುತ್ತ ಅವನು ಹೇಳಿದ.

"ವಾರಿಜಾ, ನೀವಂದ್ರೆ ನಂಗೆ ತುಂಬ ಇಷ್ಟ. ಆ ಕತ್ತರಿ ಹಿಡಿದು ತಿರುಗಿದ ದಿನದಿಂದ."

"ಇನ್ನೊಂದು ಸಲ ಹೇಳಿ."

ಅವನು ಹೇಳಿದ. ಅಷ್ಟರಲ್ಲಿ ಬಸ್ಸು ಬಂತು. ಬಾಗಿಲು ತೆರೆಯಿತು, ಡ್ರೈವರ್ ಅವಳತ್ತ ನೋಡಿದ. ಅವಳು ಏಳಲಿಲ್ಲ. ಬಾಗಿಲು ಮುಚ್ಚಿ ಬಸ್ಸು ಹೋಯಿತು.

ಮುಂದಿನದು ಬರುವವರೆಗೆ ಅವಳ ಕೈ ಅವನ ಕೈಯಲ್ಲಿತ್ತು. ಅದು ಬಂದಾಗ ಅವಳು ಎದ್ದು, ಕಾರ್ಡ್ ತಾಗಿಸಿ, ಒಳಗೆ ಹೋಗಿ ಅವನಿಗೆ ಕಾಣದ ಆ ಬದಿಯ ಕಿಟಕಿಯ ಹತ್ತಿರ ಕುಳಿತಳು.