ಮಸಿಯ ಹಿಂದಿನ ದಿಬ್ಬಣ

ಲೋಕಕ್ಕೆಲ್ಲ ಬಣ್ಣ ಕೊಟ್ಟು ತಾನು ಮಾತ್ರ ಬೂದಿ ಬಳಿದುಕೊಂಡು ಕೂತ ಪರಶಿವನಿಗೆ ಮೊದಲ ಶರಣು. ಪಕ್ಕದಲ್ಲಿರುವ ತಾಯಿ ಗಿರಿಜೆಗೂ ಶರಣು. ಅವರು ನುಡಿಸಿದಷ್ಟು ನುಡಿಯುತ್ತೇನೆ.

ಬಹಳ ಹಿಂದೆ ಹೊನ್ನಹಳ್ಳ ಎಂಬ ರಾಜ್ಯವಿತ್ತು. ಅಲ್ಲಿನ ಗುಡಿಯ ಮಂಟಪದ ಛಾವಣಿಯ ತುಂಬ ಗಿರಿಜೆಯ ಮದುವೆ ದಿಬ್ಬಣದ ಚಿತ್ರ. ಕಷ್ಟದಲ್ಲಿದ್ದವರು ಮಂಟಪದಲ್ಲಿ ಅಂಗಾತ ಮಲಗಿ ಅದನ್ನು ನೋಡಿ, ಮನಸ್ಸು ಹಗುರ ಮಾಡಿಕೊಂಡು ಏಳುತ್ತಿದ್ದರು. ಧೂಮಾಕ್ಷನೆಂಬ ಮಾಂತ್ರಿಕನಿಗೆ ಇದು ಹಿಡಿಸಲಿಲ್ಲ. ಜನ ಹೆದರದಿದ್ದರೆ ಅವನ ಮಂತ್ರ ನಡೆಯುತ್ತಿರಲಿಲ್ಲ. ಒಂದು ಬೆಳಗ್ಗೆ ಬಾಯಿಂದ ಹೊಗೆ ಬಿಟ್ಟು ಇಡೀ ಛಾವಣಿಗೆ ಮಸಿ ಹಿಡಿಸಿದ. ಒರೆಸಲು ಹತ್ತಿದ ಚಿತ್ರಗಾರ ಮಾರೋಜನನ್ನೂ ಚಿತ್ರವಾಗಿಸಿ ಆ ಮಸಿಯಲ್ಲೇ ಮುಚ್ಚಿಬಿಟ್ಟ.

ಮಾರೋಜನ ಹೆಂಡತಿ ಬಾಚಲೆ. ಅಷ್ಟಗಲ ಛಾವಣಿಯಲ್ಲಿ ಗಂಡ ಎಲ್ಲಿದ್ದಾನೋ ಅವಳಿಗೆ ಗೊತ್ತಿಲ್ಲ. ಜೋರಾಗಿ ಕೈಯಾಡಿಸಿದರೆ ಅವನೇ ಅಳಿಸಿಹೋದಾನು. ಅವಳು ಛಾವಣಿ ಮುಟ್ಟುವಷ್ಟು ಎತ್ತರಕ್ಕೆ ಬಿದಿರಿನ ಸಾರುವೆ ಕಟ್ಟಿಸಿ, ಗೋದಿಹಿಟ್ಟಿನ ಕಣಕ ನಾದಿಕೊಂಡು ಮೇಲೆ ಹತ್ತಿದಳು. ಒತ್ತಬೇಕು, ಉಜ್ಜಬಾರದು: ಅದು ಅವಳ ಚಿತ್ರಗಾರ ಮನೆತನದ ಕಟ್ಟಳೆ. ಕಣಕ ಒತ್ತಿ ತೆಗೆದರೆ ಮಸಿ ಅದಕ್ಕೆ ಅಂಟಿ ಬರುತ್ತಿತ್ತು. ದಿನಕ್ಕೆ ಅಂಗೈಯಗಲ ಕೆಲಸ.

ಮೊದಲು ಹೊರಬಂದದ್ದು ಆನೆಯ ಸೊಂಡಿಲು, ಸಿಂಹದ ಮೈ ಇರುವ ಯಾಳಿ. ಅದು ಛಾವಣಿಯಿಂದಲೇ ಹಲ್ಲು ಕಿರಿಯಿತು.

"ಯಾರದು ನನ್ನ ಮುಟ್ಟೋದು? ನುಂಗಿಬಿಡ್ತೀನಿ."

"ನುಂಗುವೆಯಂತೆ, ಮೊದಲು ಕಣ್ಣು ಮುಚ್ಚು ಮಗನೇ. ರೆಪ್ಪೆ ಮೇಲೆ ಇನ್ನೂ ಮಸಿ ಇದೆ" ಎಂದಳು ಬಾಚಲೆ.

ಯಾಳಿ ಕಣ್ಣು ಮುಚ್ಚಿತು. ಮುಖ ಚೊಕ್ಕಟವಾದ ಮೇಲೆ ನುಂಗುವ ಮಾತೆತ್ತಲಿಲ್ಲ.

ಆರು ತಿಂಗಳು ಕಳೆಯಿತು. ಧೂಮಾಕ್ಷ ಮುದುಕನ ವೇಷದಲ್ಲಿ ಒಂದು ಗಡಿಗೆ ನೀರು ಹೊತ್ತು ಬಂದ. "ಇದನ್ನು ಎರಚು ತಾಯಿ. ಸಂಜೆಯೊಳಗೆ ಗಂಡನ ಮುಖ ನೋಡ್ತೀಯ."

ಬಾಚಲೆ ಗಡಿಗೆ ಇಸಿದುಕೊಂಡಳು. ಆದರೆ ಎರಚಲಿಲ್ಲ. ಹತ್ತಿಯನ್ನು ಅದ್ದಿ, ಚಿತ್ರದ ಮೂಲೆಯ ಒಂದು ಎಲೆಯ ಮೇಲಿಟ್ಟು ನೋಡಿದಳು. ಮಸಿ ಹೋಯಿತು. ಎಲೆಯೂ ಹೋಯಿತು.

"ಅಜ್ಜಾ, ನಿಮ್ಮ ನೀರು ಕಳೆಯನ್ನೂ ಬಿಡೋದಿಲ್ಲ, ಬೆಳೆಯನ್ನೂ ಬಿಡೋದಿಲ್ಲ" ಎಂದು ಗಡಿಗೆ ಬೋರಲು ಹಾಕಿದಳು.

ಮತ್ತೂ ಆರು ತಿಂಗಳಿಗೆ, ದಿಬ್ಬಣದ ಕೊನೆಯಲ್ಲಿ, ಮಾರೋಜನ ಮುಖ ಸಿಕ್ಕಿತು. ಆಮೇಲೆ ಭುಜ, ಕೈ. ಎಡಗೈಯ ಕಿರುಬೆರಳಿದ್ದಲ್ಲಿ ಬಣ್ಣ ಉದುರಿ ಬರೀ ಗಾರೆ ಕಾಣುತ್ತಿತ್ತು. ಧೂಮಾಕ್ಷ ಈಗ ನಿಜರೂಪದಲ್ಲೇ ಬಂದು ಕುಂಚ ಚಾಚಿದ.

"ಬೆರಳಿಲ್ಲದೆ ಅವನು ಇಳಿಯಲಾರ. ಇಗೋ ನನ್ನ ಬಣ್ಣ, ಬರೆದುಬಿಡು. ನೀನೂ ಚಿತ್ರಗಾರ್ತಿಯಲ್ಲವೇ?"

ಬಾಚಲೆ ಕುಂಚವನ್ನು ಆ ಗಾರೆಯ ತನಕ ಒಯ್ದಳು. ಆ ಬೆರಳಿನ ಒಂದೊಂದು ಗೆರೆಯೂ ಅವಳಿಗೆ ನೆನಪಿತ್ತು. ಕಡೆಗೆ ಕುಂಚವನ್ನು ಹಿಂದಕ್ಕೆ ಕೊಟ್ಟಳು.

"ಬರೆದರೆ ಅದು ನನ್ನ ನೆನಪು, ಅವರ ಬೆರಳಲ್ಲ. ಇದ್ದಷ್ಟನ್ನು ಉಳಿಸೋದು ನನ್ನ ಕೆಲಸ. ಇಳಿಸೋದು ಶಿವನ ಕೆಲಸ."

ಉದುರುತ್ತಿದ್ದ ಅಂಚಿಗೆ ತುಸು ಸುಣ್ಣ ಮೆತ್ತಿ, ಪಾದದ ಬಳಿ ಉಳಿದಿದ್ದ ಕೊನೆಯ ಮಸಿಗೆ ಕಣಕ ಒತ್ತಿದಳು. ಹೊಗೆಯೇ ಪ್ರಾಣವಾಗಿದ್ದ ಧೂಮಾಕ್ಷ ಆ ಮಸಿಯ ಜೊತೆ ತಾನೂ ಸೆಳೆತಕ್ಕೆ ಸಿಕ್ಕಿ ಬಂದು ಕಣಕಕ್ಕೆ ಅಂಟಿದ. ಬಾಚಲೆ ಅದನ್ನು ಉಂಡೆ ಕಟ್ಟಿ ಆಳವಾಗಿ ಹೂಳಿಸಿದಳು.

ಮಾಟ ಕಳಚಿತು; ಮಾರೋಜ ಚಿತ್ರದಿಂದ ಹೊರಬಂದು ಮೆಲ್ಲಗೆ ಸಾರುವೆಗೆ ಕಾಲಿಟ್ಟ. "ಒಂದು ವರ್ಷ ಮಾಡಿದೆಯಲ್ಲೇ."

"ಉಜ್ಜಿದ್ದರೆ ಬೇಗ ಆಗ್ತಿತ್ತು. ನಿಮ್ಮ ಮೂಗು ಉಳೀತಿರಲಿಲ್ಲ."

ಒಂಬತ್ತು ಬೆರಳಿನ ಕೈಗಳನ್ನು ಹಿಡಿದು ಅವಳು ಗಂಡನನ್ನು ಕೆಳಗಿಳಿಸಿದಳು. ಹೊನ್ನಹಳ್ಳದ ಜನ ಮಂಟಪದಲ್ಲಿ ಮಲಗಿ ದಿಬ್ಬಣ ನೋಡಿದರು. ಎಲ್ಲರೂ ಬಹುಕಾಲ ಸುಖವಾಗಿದ್ದರು.

ಕೇಳಿದ ನಿಮ್ಮೆಲ್ಲರನ್ನೂ ಆ ತಾಯಿ ತಂದೆ ಕಾಯಲಿ. ನಿಮ್ಮ ಮನೆಗಳಲ್ಲಿ ಕಳೆದದ್ದಕ್ಕಿಂತ ಉಳಿದದ್ದು ಹೆಚ್ಚಿರಲಿ.