ಓರೆಯಾಗಿಟ್ಟ ಕುರ್ಚಿ

ಮಳೆ ಹಿಂದೆ ಸರಿದು ಬಿಸಿಲು ಹದಕ್ಕೆ ಬಂದಿತ್ತು. ಆಲೂಗಡ್ಡೆ ಕೀಳುವ ಕಾಲ. ಚಿಕ್ಕಮ್ಮ ಹೊಲದಿಂದ ಬುಟ್ಟಿ ತುಂಬಿ ತಂದು ಸುರಿಯುತ್ತಿದ್ದಳು. ಉಗ್ರಾಣದ ಬಾಗಿಲಲ್ಲಿ ಕೂತ ಕಿವಿಯಕ್ಕ ಗುದ್ದಲಿ ಏಟು ಬಿದ್ದ ಗೆಡ್ಡೆಗಳನ್ನು ಬೇರೆ ಹಾಕಿ, ಉಳಿದವನ್ನು ಚೀಲಕ್ಕೆ ತುಂಬಿ, ದಬ್ಬಣದಿಂದ ಬಾಯಿ ಹೊಲಿಯುತ್ತಿದ್ದಳು.

ಕಿವಿಯಕ್ಕ ಅನ್ನುವುದು ಊರು ಇಟ್ಟ ಹೆಸರು. ಭಾನುವಾರ ಆರಾಧನೆ ಮುಗಿದ ಮೇಲೆ ಅವಳು ಚರ್ಚಿನ ಪಕ್ಕದ ಕೋಣೆಯಲ್ಲಿ ಕೂರುತ್ತಿದ್ದಳು. ಮನಸ್ಸು ಭಾರವಾದವರು ಬಂದು ಹೇಳಿಕೊಳ್ಳುತ್ತಿದ್ದರು. ಪಾಸ್ಟರ್ ಕಲಿಸಿದ ಕಟ್ಟಳೆ ಕೆಲವೇ. ಬುದ್ಧಿ ಹೇಳಬಾರದು. ಬಂದವರು ಬಯಸಿದರೆ ಮಾತ್ರ ಪ್ರಾರ್ಥಿಸಬೇಕು. ಕೋಣೆಯ ಮಾತು ಹೊಸಿಲು ದಾಟಬಾರದು. ಕುರ್ಚಿಗಳನ್ನು ಎದುರುಬದುರು ಇಡದೆ ಕಿಟಕಿಯತ್ತ ಓರೆಯಾಗಿಡಬೇಕು. ಇನ್ನೊಬ್ಬರ ಮುಖ ನೋಡುತ್ತ ಅಳುವುದು ಯಾರಿಗೂ ಸುಲಭವಲ್ಲ.

"ಊರಿನ ಗೋಳೆಲ್ಲ ಕೇಳಿಸುತ್ತೆ ಇವಳಿಗೆ," ಅಂದಳು ಚಿಕ್ಕಮ್ಮ ಬುಟ್ಟಿ ಇಳಿಸುತ್ತ. "ಊಟಕ್ಕೆ ಬಾರೇ ಅಂತ ನಾನು ಕೂಗಿದ್ದು ಮಾತ್ರ ಕೇಳಿಸಲ್ಲ. ಯಾಕೆ ಹೀಗೆ ಮುಖ ಮಾಡ್ಕೊಂಡಿದೀಯ? ಆ ಬಡಗಿ ಈ ವಾರನೂ ಬರಲಿಲ್ವಾ?"

"ಕೋಣೆ ಮಾತು ಹೇಳೋ ಹಾಗಿಲ್ಲ ಚಿಕ್ಕಮ್ಮ."

"ಕೋಣೇದಲ್ಲ ಕಣೇ, ನಿನ್ನ ಮುಖದ್ದು ಕೇಳ್ತಿದೀನಿ."

ಕಿವಿಯಕ್ಕ ದಬ್ಬಣಕ್ಕೆ ದಾರ ಪೋಣಿಸಿದಳು.

ಬಡಗಿ ತಮ್ಮನನ್ನು ಕಳೆದುಕೊಂಡವನು. ಮೊದಮೊದಲು ಬಂದಾಗ ಅವನು ಮಾತೇ ಆಡುತ್ತಿರಲಿಲ್ಲ. "ಈ ಕುರ್ಚಿ ಕುಂಟುತ್ತೆ," ಅಂದಿದ್ದ ಒಂದು ದಿನ. ಮುಂದಿನ ವಾರ ಜೇಬಿನಲ್ಲಿ ಬೆಣೆ ತಂದು ಕಾಲಿಗೆ ಹೊಡೆದ. ಕುರ್ಚಿ ಅಲುಗಾಡುವುದು ನಿಂತ ಮೇಲೆ ಮಾತು ಬಂತು.

ಓರೆಯಾಗಿಟ್ಟ ಕುರ್ಚಿಗಳಿಗೆ ಒಂದು ದೋಷವಿತ್ತು. ಬೆಳಕು ಕಡಿಮೆಯಾದರೆ ಕಿಟಕಿಯ ಗಾಜಿನಲ್ಲಿ ಮುಖ ಕಾಣುತ್ತಿತ್ತು. ಅವನು ಮೊದಲ ಸಲ ನಕ್ಕ ದಿನ ಅವಳು ಗಾಜಿನಲ್ಲಿ ಆ ನಗುವನ್ನೇ ನೋಡುತ್ತ ಕೂತಿದ್ದಳು. ನೋಡುತ್ತಿರುವುದನ್ನು ಅವನೂ ಅದೇ ಗಾಜಿನಲ್ಲಿ ನೋಡಿದ. ಇಬ್ಬರೂ ಒಟ್ಟಿಗೇ ಕಣ್ಣು ಕೆಳಗಿಳಿಸಿದರು.

ಅದರ ಮುಂದಿನ ಭಾನುವಾರವೇ ಅವಳ ನಾಲಿಗೆ ಜಾರಿದ್ದು. ತಮ್ಮನ ಗರಗಸವನ್ನು ಕಂಡರೆ ಈಗಲೂ ಕೈಕಾಲು ಆಡುವುದಿಲ್ಲ ಅಂತ ಅವನು ಹೇಳಿದಾಗ, ತಡೆಯಲಾರದೆ, "ಅದನ್ನ ಯಾರಿಗಾದ್ರೂ ಕೊಟ್ಟುಬಿಡಿ," ಅಂದುಬಿಟ್ಟಳು. ಅವನು ಎದ್ದುಹೋದ. ಆಮೇಲೆ ಆ ಕೋಣೆಗೆ ಬರಲೇ ಇಲ್ಲ.

ಗಾಯ ಆರುವ ಮೊದಲೇ ಉಗುರು ಆಡಿಸಿದೆ ಅಂತ ಅವಳಿಗೆ ನಿದ್ದೆ ಹತ್ತಲಿಲ್ಲ. ಪಾಸ್ಟರ್ ಬಳಿ ಹೋಗಿ, "ನಾನಿನ್ನು ಆ ಕೋಣೇಲಿ ಕೂರಲ್ಲ. ಒಬ್ಬರ ಮನಸ್ಸು ಕೆಡಿಸಿದೀನಿ," ಅಂದಿದ್ದಳು. ಪಾಸ್ಟರ್ ಕನ್ನಡಕ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. "ನನಗೂ ಒಂದು ಕಟ್ಟಳೆ ಇದೆಯಮ್ಮ. ಕೇಳಿದ್ದನ್ನ ಹೇಳೋ ಹಾಗಿಲ್ಲ. ಸ್ವಲ್ಪ ತಾಳು," ಅಂದರಷ್ಟೇ.

ಅರ್ಧ ಹೊಲಿದ ಚೀಲದ ಮೇಲೆ ನೆರಳು ಬಿತ್ತು. ತಲೆ ಎತ್ತಿದರೆ ಬಡಗಿ. ಅವನ ಕೈಯಲ್ಲಿ ಗರಗಸ. ಹಳೆಯ ಹಲ್ಲು, ಹೊಸ ಹಿಡಿ.

"ಕೊಡೋಕೆ ಹೊರಟಿದ್ದೆ," ಅಂದ. "ಪಕ್ಕದೂರಿನವನೊಬ್ಬ ಕೈ ಚಾಚಿದ. ನನ್ನ ಕೈ ಅದನ್ನ ಬಿಡಲಿಲ್ಲ. ಇದು ನನ್ನ ಹತ್ರನೇ ಇರಬೇಕು ಅಂತ ಆವಾಗ ಗೊತ್ತಾಯ್ತು. ವಾಪಸ್ ತಂದು ಹಿಡಿ ಹಾಕಿ, ಈಗ ಇದರಲ್ಲೇ ಕೆಲಸ ಮಾಡ್ತಿದೀನಿ. ನಿಮ್ಮ ಬುದ್ಧಿಮಾತು ಶುದ್ಧ ತಪ್ಪು. ಆದ್ರೆ ಕೆಲಸಕ್ಕೆ ಬಂತು."

ಅವಳು ಕಣ್ಣು ತುಂಬಿದ್ದು ಕಾಣದಿರಲಿ ಅಂತ ಚೀಲದ ಮೇಲೆ ಬಾಗಿದಳು. "ಮತ್ತೆ ಬರೋದು ಯಾಕೆ ಬಿಟ್ರಿ?"

"ಪಾಸ್ಟರ್ ಹತ್ರ ಒಂದು ವಿಷಯ ಕೇಳ್ದೆ. ಅವರು, ಕೋಣೆಗೆ ಬರೋನು ಕೇಳೋ ಮಾತಲ್ಲ ಅದು, ಮೊದಲು ಬರೋದು ನಿಲ್ಲಿಸು, ಆಲೂಗಡ್ಡೆ ಮೇಲೆ ಬರೋ ತನಕ ಕಾಯಿ, ಆವಾಗ್ಲೂ ಮನಸ್ಸು ಹಾಗೇ ಇದ್ರೆ ಅವಳನ್ನೇ ಕೇಳು ಅಂದ್ರು." ಅವನು ಆಲೂಗಡ್ಡೆ ಗುಡ್ಡೆಯತ್ತ ನೋಡಿದ. "ಈ ವರ್ಷ ಬೆಳೆ ತಡ. ಬೇಲಿ ಆಚೆಯಿಂದ ದಿನಾ ನೋಡ್ತಿದ್ದೆ."

"ಬೆಳೇನಾ?"

"ಬೆಳೇನೂ."

ಚಿಕ್ಕಮ್ಮ ಖಾಲಿ ಬುಟ್ಟಿ ಎತ್ತಿಕೊಂಡು, ಹೊಲದಲ್ಲಿ ತುರ್ತು ಕೆಲಸವಿದ್ದವಳಂತೆ ಹೊರಟುಹೋದಳು.

"ಕೇಳಿ ಹಾಗಿದ್ರೆ," ಅಂದಳು ಕಿವಿಯಕ್ಕ.

"ಈಗಲ್ಲ. ಸಾಲ ಇಟ್ಕೊಂಡು ಹೆಣ್ಣು ಕೇಳೋದು ಹೇಗೆ? ಅಷ್ಟು ದಿನ ನಾನು ಹೇಳ್ದೆ, ನೀವು ಕೇಳಿದ್ರಿ. ನಿಮ್ಮದು ಒಂದು ಮಾತೂ ನಾನು ಕೇಳಿಲ್ಲ." ಹಣ್ಣಿನ ಪೆಟ್ಟಿಗೆಯೊಂದನ್ನು ಬೋರಲು ಹಾಕಿ, ಅವಳ ಪಕ್ಕಕ್ಕೆ, ಹೊಲದತ್ತ ಓರೆಯಾಗಿ ಇಟ್ಟು ಕೂತ. "ಬುದ್ಧಿ ಹೇಳಲ್ಲ. ಹೇಳಿ."

ಅವಳಿಗೆ ಗಾಬರಿಯಾಯಿತು. ಇಷ್ಟು ವರ್ಷಗಳಲ್ಲಿ ಯಾರೂ ಅವಳನ್ನು ಹೀಗೆ ಕೂರಿಸಿ ಕೇಳಿರಲಿಲ್ಲ. ಎರಡು ಹೊಲಿಗೆ ಹಾಕಿದಳು. "ಖಾಲಿ ಕುರ್ಚಿ ನೋಡ್ಕೊಂಡು ಮನೆಗೆ ಬಂದೆ ನೋಡಿ, ಆವತ್ತು..." ಅಂತ ಶುರು ಮಾಡಿದಳು. ಮಾತು ಆವತ್ತಿನಿಂದ ಹಿಂದಕ್ಕೆ ಹೋಯಿತು, ಅಪ್ಪ ತೀರಿಕೊಂಡ ವರ್ಷಕ್ಕೆ, ಅಲ್ಲಿಂದಲೂ ಹಿಂದಕ್ಕೆ. ಅವನು ಕದಲಲಿಲ್ಲ. ನೆರಳು ಚೀಲಗಳನ್ನು ದಾಟಿತು.

ಹೊಲದ ಅಂಚಿನಿಂದ ಚಿಕ್ಕಮ್ಮ ಊಟಕ್ಕೆ ಕೂಗಿದಳು. ಕಿವಿಯಕ್ಕನಿಗೆ ಕೇಳಿಸಲಿಲ್ಲ. ಬಡಗಿಗೆ ಕೇಳಿಸಿತು, ಸಾಲ ಇನ್ನೂ ಬಹಳ ಬಾಕಿ ಇದ್ದುದರಿಂದ ಅವನು ಸುಮ್ಮನೇ ಕೂತಿದ್ದ.