ಸೋಮವಾರದ ವಿನೆಗರ್ ವಾಸನೆ

ಫಿಲ್ಮ್ ಡಬ್ಬಿ ಖಾಲಿಯಾಗಿತ್ತು. ಮುಚ್ಚಳ ಹಿಡಿದುಕೊಂಡೇ ಕ್ಲೆಮ್ ಯಾರ್ವುಡ್ ಕಪಾಟಿನ ಹಿಂದೆಲ್ಲ ತಡಕಾಡಿದ. ವಿರಾಬಿನ್ ಪಟ್ಟಣದ ಟಿವಿ ಕೇಂದ್ರದಲ್ಲಿ ಇಪ್ಪತ್ತೊಂಬತ್ತು ವರ್ಷ ಫಿಲ್ಮ್ ಕೋಣೆ ಕಾಯ್ದವನು ಅವನು. ಈಗ ಕೇಂದ್ರವನ್ನು ಸಿಡ್ನಿಯ ದೊಡ್ಡ ಕಂಪನಿಯವರು ನುಂಗಿದ್ದರು. ಆ ಸೋಮವಾರ ಸಂಜೆ ಆರಕ್ಕೆ ಊರಿನದೇ ಆದ ಕೊನೆಯ ವಾರ್ತೆ. ಅದರಲ್ಲಿ ತೋರಿಸಬೇಕಿದ್ದ ಸುರುಳಿಯೇ ಮಾಯ. ಹಣ್ಣಿನ ಕಾರ್ಖಾನೆಯ ಹೆಂಗಸರು ೧೯೬೬ರಲ್ಲಿ ಹೂಡಿದ ಮುಷ್ಕರ, ಮುಂದಿನ ಸಾಲಿನಲ್ಲೇ ಕ್ಲೆಮ್‌ನ ಹೆಂಡತಿ ಜಾಯ್ಸ್. ತೀರಿಕೊಂಡವಳು ನಡೆದಾಡುವುದನ್ನು ನೋಡಲು ಅವನಿಗೆ ಉಳಿದಿದ್ದು ಅದೊಂದೇ.

"ಮುದುಕ ಮಾರ್ಕೊಂಡಿರ್ತಾನೆ," ಎಂದ ಸಿಡ್ನಿಯಿಂದ ಬಂದು ಮೂರು ದಿನವಾಗಿದ್ದ ಮ್ಯಾನೇಜರ್ ಡೋರಿಯನ್ ಪೆಲ್. "ಸಂಜೆಯೊಳಗೆ ಸಿಗದಿದ್ರೆ ಪೊಲೀಸ್ ಕರೀತೀನಿ."

ಕ್ಲೆಮ್ ನೇರ ಮೇಕಪ್ ಕೋಣೆಗೆ ಓಡಿದ. ಕಟ್ಟಿಸಿದ ಹಲ್ಲಿನಿಂದ ಹಿಡಿದು ಕಟ್ಟಿಕೊಂಡ ಗಂಡನವರೆಗೆ, ಕೇಂದ್ರದಲ್ಲಿ ಯಾರದೇನು ಕಳೆದರೂ ಪತ್ತೆ ಹಚ್ಚುತ್ತಿದ್ದವಳು ಅಲ್ಲಿ ಪೌಡರ್ ಬಳಿಯುವ ಮರ್ಲ್ ಹ್ಯಾಡೋ.

"ನೀನು ಬಂದ್ರೆ ವಿನೆಗರ್ ಸುರಿದು ಕೊಡೋ ಚಿಪ್ಸ್ ಅಂಗಡೀನೇ ಎದ್ದು ಬಂದ ಹಾಗೆ ಕಣೋ," ಎಂದು ಮೂಗು ಮುಚ್ಚಿಕೊಂಡಳು.

"ಹಳೇ ಫಿಲ್ಮ್ ಕೊಳೆತ್ರೆ ವಿನೆಗರ್ ನಾತಾನೇ ಬರೋದು. ತಮಾಷೆ ಬೇಡ ಕಣೆ, ಜಾಯ್ಸ್ ಕಳೆದುಹೋಗಿದಾಳೆ."

ಮರ್ಲ್ ಗಂಭೀರಳಾದಳು. "ಡಬ್ಬಿ ಬಿಟ್ಟು ಬರೀ ಸುರುಳಿ ತಗೊಂಡ್ರಾ?"

ಅಷ್ಟರಲ್ಲಿ ಪೆಲ್ ಚರ್ಮದ ಚೀಲ ತಗುಲಿಸಿಕೊಂಡು ಬಂದು ಕುರ್ಚಿಯಲ್ಲಿ ಕೂತ. ವಾರ್ತೆಯ ಕೊನೆಗೆ ಕ್ಯಾಮೆರಾ ಮುಂದೆ ವಿದಾಯದ ನಾಲ್ಕು ಮಾತು ಆಡಬೇಕಿದ್ದವನು ಅವನೇ. "ಆ ಮುಷ್ಕರದ ಕಸ ಯಾರಿಗೆ ಬೇಕು? ಕಾರ್ಖಾನೆಯವರೇ ನಮಗೆ ದೊಡ್ಡ ಜಾಹೀರಾತುದಾರರು," ಎಂದ. ಮರ್ಲ್ ಅವನ ತೋಳಿನ ಹತ್ತಿರ ಬಾಗಿದಳು.

"ಮಧ್ಯಾಹ್ನ ಚಿಪ್ಸಾ ಸಾಹೇಬ್ರೆ?"

"ಹೂಂ, ಚೌಕದ ಅಂಗಡೀದು. ವಿನೆಗರ್ ಜಾಸ್ತಿ ಸುರಿದ್ಬಿಟ್ಟ."

ಐದೂವರೆಗೆ ಮರ್ಲ್ ಎಲ್ಲರನ್ನೂ ಸ್ಟುಡಿಯೋದಲ್ಲಿ ಸೇರಿಸಿದಳು. "ಡಬ್ಬಿ ಜಾಗದಲ್ಲೇ ಇದ್ರೆ ಯಾರಿಗೂ ಅನುಮಾನ ಬರಲ್ಲ ಅಂತ ಕಳ್ಳ ಬರೀ ಸುರುಳಿ ಎತ್ಕೊಂಡ. ವಾಸನೆ ತೋಳಿಗೆ ಅಂಟ್ತು. ನಾನು ಕೇಳಿದ್ದಕ್ಕೆ ಚಿಪ್ಸ್ ಅಂದ. ಆದ್ರೆ ಚೌಕದ ಚಿಪ್ಸ್ ಅಂಗಡಿ ಸ್ಟಾಮಾಟಿಸ್ ಸೋಮವಾರ ಬಾಗಿಲೇ ತೆಗೆಯಲ್ಲ. ಇದು ಈ ಊರಿನ ನಾಯಿಗೂ ಗೊತ್ತು, ಸಿಡ್ನಿಯವರಿಗೆ ಗೊತ್ತಿಲ್ಲ. ಆ ಹೆಂಗಸ್ರನ್ನ ತೋರಿಸಿದ್ರೆ ಕಾರ್ಖಾನೆಯವರು ಮುನಿಸ್ಕೋತಾರೆ ಅನ್ನೋ ಭಯ ಇದ್ದಿದ್ದೂ ಒಬ್ರಿಗೇ. ಸಾಹೇಬ್ರೆ, ಆ ಚರ್ಮದ ಚೀಲ ಸ್ವಲ್ಪ ತೆಗೀರಿ."

ಪೆಲ್ ಕದಲಲಿಲ್ಲ. ಕ್ಯಾಮೆರಾದವನೇ ಚೀಲ ತೆಗೆದ. ಹುಳಿ ನಾತ ಹರಡಿತು, ಒಳಗೆ ಸುರುಳಿ.

"ಇದನ್ನ ಹಾಕಿದ್ರೆ ಎಲ್ಲರ ಕೆಲಸ ಹೋಗುತ್ತೆ!" ಪೆಲ್ ಕಿರುಚಿದ.

"ನಾಳೆಯಿಂದ ಕೆಲಸಕ್ಕೆ ಬರೋದು ಬೇಡ ಅಂತ ನೀವೇ ಎಲ್ಲರಿಗೂ ಕಾಗದ ಕೊಟ್ಟಿದೀರಲ್ಲ. ಎರಡೆರಡು ಸಲ ಹೇಗೆ ಹೋಗುತ್ತೆ?" ಎಂದಳು ಮರ್ಲ್.

ವಿದಾಯದ ಕುರ್ಚಿಗೆ ಎಲ್ಲರೂ ಕ್ಲೆಮ್‌ನನ್ನೇ ಕೂರಿಸಿದರು. ಇಷ್ಟು ವರ್ಷದಲ್ಲಿ ಒಮ್ಮೆಯೂ ಕ್ಯಾಮೆರಾ ಮುಂದೆ ಬಾರದ ಮುಖಕ್ಕೆ ಮರ್ಲ್ ಪೌಡರ್ ಒತ್ತಿದಳು.

"ಅಳಬೇಡ್ವೋ, ಬಳಿದಿದ್ದೆಲ್ಲ ಹೋಗುತ್ತೆ. ಜಾಯ್ಸ್ ಮುಂದೆ ಹೀಗೇ ಹೋಗ್ತೀಯಾ?"

ಕ್ಯಾಮೆರಾದ ಕೆಂಪು ದೀಪ ಹತ್ತಿತು. ಊರಿನ ಮನೆಮನೆಯಲ್ಲೂ ಜಾಯ್ಸ್ ಮುಷ್ಟಿ ಎತ್ತಿ ನಡೆದುಬಂದಳು.